ಎಣ್ಣೆ ಹಚ್ಚಿದವರು ವಾಪಸ್ ಹೋಗತಕ್ಕದ್ದು

ಇಇಜಿ ವಿಭಾಗಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ನಾನು ಹೇಳುವ ಮೊದಲ ಮಾತು ಮಿದುಳಿನ ಬಗ್ಗೆ ಅಲ್ಲ, ಕೊಬ್ಬರಿ ಎಣ್ಣೆಯ ಬಗ್ಗೆ. ಮಿದುಳಿನ ವಿಷಯ ನಿಮಗೆ ಕಾಲೇಜಿನಲ್ಲಿ ಕಲಿಸಿರುತ್ತಾರೆ. ಅದನ್ನು ಮರೆತರೂ ನಡೆಯುತ್ತದೆ, ಡಾಕ್ಟರು ಇರುತ್ತಾರೆ. ಎಣ್ಣೆಯ ವಿಷಯ ಯಾರೂ ಕಲಿಸಿರುವುದಿಲ್ಲ. ನನಗೂ ಕಲಿಸಿರಲಿಲ್ಲ. ನಾನು ಕಲಿಯುವಷ್ಟರಲ್ಲಿ ತಡವಾಗಿತ್ತು, ಮತ್ತು ಅದರ ಪೆಟ್ಟು ತಿಂದವಳು ನಾನಲ್ಲ.

ಹುಬ್ಬಳ್ಳಿಯ ಒಂದು ದೊಡ್ಡ ದವಾಖಾನೆಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಾನು ಇಇಜಿ ತಂತ್ರಜ್ಞೆಯಾಗಿದ್ದೆ. ಕೆಲಸ ಇಷ್ಟೇ: ರೋಗಿಯ ತಲೆಗೆ ಒಂದು ಬಗೆಯ ಅಂಟಿನಿಂದ ಇಪ್ಪತ್ತೊಂದು ತಂತಿ ಹಚ್ಚುವುದು, ಮಿದುಳಿನೊಳಗಿನ ಸಣ್ಣ ವಿದ್ಯುತ್ತು ಗೆರೆಗೆರೆಯಾಗಿ ಮೂಡುವುದನ್ನು ಬರೆಸಿಕೊಳ್ಳುವುದು, ಆ ಗೆರೆಗಳನ್ನು ನರರೋಗದ ಡಾಕ್ಟರಿಗೆ ಕೊಡುವುದು. ಬರುವವರಲ್ಲಿ ಹೆಚ್ಚಿನವರು ಮೂರ್ಛೆರೋಗದವರು. ನನ್ನ ಕೋಣೆಗೆ ಅವರಿಟ್ಟ ಹೆಸರು ‘ತಲಿ ಮಿಷನ್ ಖೋಲಿ’. ನನಗೆ ಇಟ್ಟದ್ದು ‘ಅಕ್ಕಾರ’. ಕೆಲವರು ‘ಡಾಕ್ಟರಮ್ಮ’ ಎನ್ನುತ್ತಿದ್ದರು. ಮೊದಲ ವರ್ಷ ತಿದ್ದುತ್ತಿದ್ದೆ. ಎರಡನೆಯ ವರ್ಷ ತಿದ್ದುವುದನ್ನು ಬಿಟ್ಟೆ. ಮೂರನೆಯ ವರ್ಷದ ಹೊತ್ತಿಗೆ ಹಾಗೆ ಕರೆಯದವರ ಮೇಲೆ ಸಿಟ್ಟು ಬರತೊಡಗಿತ್ತು.

ಬಂದವರಿಗೆ ಮಿಷನ್ನಿನ ಬಗ್ಗೆ ಒಂದೊಂದು ಕಲ್ಪನೆ. ಅರ್ಧ ಜನಕ್ಕೆ ಇದರಲ್ಲಿ ಕರೆಂಟು ಕೊಡುತ್ತಾರೆಂಬ ಭಯ. ಇನ್ನರ್ಧ ಜನಕ್ಕೆ ಕರೆಂಟು ಕೊಟ್ಟು ರೋಗ ಓಡಿಸುತ್ತಾರೆಂಬ ಆಸೆ. ಎರಡೂ ಇಲ್ಲ ಎಂದು ಹೇಳಿದರೆ ಇಬ್ಬರಿಗೂ ಸಮಾಧಾನವಿಲ್ಲ. ಧಾರವಾಡದಿಂದ ಒಬ್ಬ ನಿವೃತ್ತ ಹೆಡ್‌ಮಾಸ್ತರರು ಬಂದಿದ್ದರು. ಗೆರೆಗಳನ್ನು ನೋಡಿ ನಾನೇ ದೊಡ್ಡಸ್ತಿಕೆಯಿಂದ, ‘ಎಲ್ಲಾ ನಾರ್ಮಲ್ ಅದರಿ ಸರ’ ಎಂದೆ. ಅವರ ಮುಖ ಸಣ್ಣದಾಯಿತು.

‘ಬರೇ ನಾರ್ಮಲ್ಲೇನ್ರಿ? ಸ್ವಲ್ಪ ಹೆಚ್ಚ ಇರಬೇಕಲ್ಲಾ. ಇನ್ನೊಮ್ಮೆ ಛಲೋತಂಗ ನೋಡ್ರಿ’ ಎಂದರು.

ಪರೀಕ್ಷೆಗೆ ಬರುವ ಹಿಂದಿನ ರಾತ್ರಿ ನಿದ್ದೆಗೆಡಬೇಕು, ಇಲ್ಲಿ ಬಂದು ತಂತಿ ಹಚ್ಚಿದ ಮೇಲೆ ಮಲಗಬೇಕು, ಆಗ ರೋಗ ಕಾಣುವ ಸಾಧ್ಯತೆ ಹೆಚ್ಚು. ಇದನ್ನು ನಾನು ಎಲ್ಲರಿಗೂ ಬಿಡಿಸಿ ಹೇಳುತ್ತಿದ್ದೆ. ನವಲಗುಂದದ ಕಡೆಯ ಒಬ್ಬ ಕಾಕಾನ ಮನೆಯವರು ಬಹಳ ನಿಷ್ಠೆಯ ಜನ. ಕಾಕಾನೊಬ್ಬನನ್ನೇ ಎಚ್ಚರ ಇರಿಸುವುದು ಅನ್ಯಾಯವೆಂದು ಮನೆಮಂದಿಯೆಲ್ಲ ಸೇರಿ ಬೆಳತನಕ ಭಜನೆ ಮಾಡಿದರಂತೆ. ಭಜನೆಯ ಜೋಗುಳಕ್ಕೆ ಕಾಕಾ ಊಟವಾದ ಕೂಡಲೇ ಮಲಗಿಬಿಟ್ಟಿದ್ದ. ಮುಂಜಾನೆ ನನ್ನ ಕೋಣೆಯಲ್ಲಿ ಎಂಟು ಜನ ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದರು. ಮಂಚದ ಮೇಲೆ ಕಾಕಾ ಒಬ್ಬನೇ ಕಣ್ಣು ಪಿಳಿಪಿಳಿ ಬಿಡುತ್ತ, ‘ಇವ್ರಿಗೆಲ್ಲಾ ಏನಾತ್ರಿ ಅಕ್ಕಾರ?’ ಎಂದು ಕೇಳಿದ.

ನಗಬೇಡಿ. ತಪ್ಪು ಅವರದಲ್ಲ. ನಾನು ‘ನಿದ್ದಿ ಗೆಡ್ರಿ’ ಎಂದಿದ್ದೆ, ಯಾರು ಎಂದು ಹೇಳಿರಲಿಲ್ಲ. ದವಾಖಾನೆಯಲ್ಲಿ ನಾವು ಹೇಳುವುದೆಲ್ಲ ಹೀಗೇ, ಅರ್ಧ ಮಾತು. ಉಳಿದರ್ಧ ರೋಗಿಗೆ ತಾನಾಗಿ ತಿಳಿಯಬೇಕು. ತಿಳಿಯದಿದ್ದರೆ ‘ಶಾಣ್ಯಾ ಮಂದಿ ಅಲ್ಲ’ ಎಂದು ನಾವು ತೀರ್ಪು ಕೊಡುತ್ತೇವೆ.

ಇನ್ನು ಶಾಣ್ಯಾ ಮಂದಿಯ ಕತೆ ಕೇಳಿ. ನಮ್ಮಲ್ಲಿ ಒಮ್ಮೆ ಮೂರ್ಛೆರೋಗದ ತಿಳಿವಳಿಕೆ ಕಾರ್ಯಕ್ರಮ ಇಟ್ಟಿದ್ದರು. ವೇದಿಕೆಯ ಮೇಲೆ ದೊಡ್ಡ ಸಾಹೇಬರು, ಅಂದರೆ ದವಾಖಾನೆಯ ಅಧೀಕ್ಷಕರು. ಅವರ ಭಾಷಣದ ಸಾರಾಂಶವೇನೆಂದರೆ, ಮೂರ್ಛೆ ಬಂದವರ ಮೂಗಿಗೆ ಚಪ್ಪಲಿ ಹಿಡಿಯುವುದು, ಉಳ್ಳಾಗಡ್ಡಿ ಹಿಂಡುವುದು, ಕೈಯಲ್ಲಿ ಕಬ್ಬಿಣ ಕೊಡುವುದು ಇವೆಲ್ಲ ಮೂಢನಂಬಿಕೆ. ಬಿದ್ದವರನ್ನು ಅಪಾಯದಿಂದ ದೂರ ಸರಿಸಿ, ಒಂದು ಮಗ್ಗುಲಿಗೆ ಮಲಗಿಸಿ, ಅಷ್ಟೇ. ಚಪ್ಪಾಳೆ ಬಿತ್ತು. ಚಪ್ಪಾಳೆ ಮುಗಿಯುವ ಮೊದಲೇ ಮುಂದಿನ ಸಾಲಿನ ಒಬ್ಬ ಹೆಣ್ಣುಮಗಳು ಕುರ್ಚಿಯಿಂದ ಜಾರಿ ಬಿದ್ದು ಸೆಟೆಯತೊಡಗಿದಳು. ವೇದಿಕೆಯಿಂದ ಮೊದಲು ಧುಮುಕಿದವರು ನಮ್ಮ ಸಾಹೇಬರೇ.

‘ಯಾರದರ ಚಪ್ಪಲ್ ಕೊಡ್ರಿ ಲಗೂ! ತೊಗಲಿಂದ ಕೊಡ್ರಿ, ರಬ್ಬರ್ ನಡ್ಯಾಂಗಿಲ್ಲ!’ ಎಂದು ಕೂಗಿದರು. ಅವರ ಇನ್ನೊಂದು ಕೈ ಪ್ಯಾಂಟಿನ ಕಿಸೆಯಲ್ಲಿ ಬೀಗದ ಕೈಗೊಂಚಲು ತಡಕುತ್ತಿತ್ತು.

ಈ ಕತೆಯನ್ನು ನಾನು ವರ್ಷಾನುಗಟ್ಟಲೆ ಕ್ಯಾಂಟೀನಿನಲ್ಲಿ ಹೇಳಿ ನಗಿಸಿದ್ದೇನೆ. ಹೇಳುವುದನ್ನು ನಿಲ್ಲಿಸಿದ್ದು ಯಾಕೆಂದು ಮುಂದೆ ತಿಳಿಯುತ್ತದೆ.

ಆಗ ನಮ್ಮಲ್ಲಿ ನರರೋಗದ ಡಾಕ್ಟರು ಬುಧವಾರಕ್ಕೊಮ್ಮೆ ಮಾತ್ರ ಬರುತ್ತಿದ್ದರು. ಬುಧವಾರ ಎಂದರೆ ಗದಗ, ಹಾವೇರಿ, ಕೊಪ್ಪಳದ ಕಡೆಯವರೆಲ್ಲ ಬುತ್ತಿ ಕಟ್ಟಿಕೊಂಡು ಬಂದು ಕುಳಿತ ದಿನ. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಇಕ್ಕಟ್ಟು. ಡಾಕ್ಟರು ಸೌಮ್ಯ ಮನುಷ್ಯ. ಒಂದು ದಿನ ನನ್ನ ಕಡೆ ನೋಡಿ, ‘ಸ್ವಲ್ಪ ಗದ್ದಲ ಕಡಿಮಿ ಮಾಡ್ರಿ’ ಎಂದರು. ಅವರು ಹೇಳಿದ್ದು ಇಷ್ಟೇ. ಉಳಿದದ್ದೆಲ್ಲ ನನ್ನ ತಲೆ.

ನನ್ನ ಅಕ್ಷರ ದುಂಡಗೆ. ಸಾಲೆಯಲ್ಲಿ ಬಹುಮಾನ ಬಂದದ್ದು. ಒಂದು ಹಲಗೆ ತರಿಸಿ, ನೀಲಿ ಬಣ್ಣದಲ್ಲಿ, ಗೆರೆ ಎಳೆದು, ಹೀಗೆ ಬರೆದೆ:

ತಲೆಗೆ ಎಣ್ಣೆ ಹಚ್ಚಿದವರು ವಾಪಸ್ ಹೋಗತಕ್ಕದ್ದು.
ನಿದ್ದೆ ಮಾಡಿ ಬಂದವರು ವಾಪಸ್ ಹೋಗತಕ್ಕದ್ದು.
ಇಇಜಿ ರಿಪೋರ್ಟ್ ಇಲ್ಲದವರು ನರರೋಗ ವೈದ್ಯರನ್ನು ಕಾಣತಕ್ಕದ್ದಲ್ಲ.

ಆ ‘ತಕ್ಕದ್ದು’ ಬರೆಯುವಾಗ ನನಗಾದ ಆನಂದ ಏನು ಹೇಳಲಿ! ಮರುದಿನದಿಂದ ಗದ್ದಲ ಅರ್ಧವಾಯಿತು. ಡಾಕ್ಟರು ‘ಛಲೋ ಆತು’ ಎಂದರು. ಹಲಗೆ ಓದಿದರೋ ಇಲ್ಲವೋ ಗೊತ್ತಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಿಮಗೆ ಗೊತ್ತಿದೆಯಲ್ಲ. ಆ ಪೂಜಾರಿ ನಾನು.

ಎಣ್ಣೆ ಯಾಕೆ ಬೇಡ ಎಂದರೆ, ಎಣ್ಣೆ ತಲೆಗೆ ತಂತಿಯ ಅಂಟು ಹಿಡಿಯುವುದಿಲ್ಲ, ಗೆರೆಗಳೆಲ್ಲ ಕೆಟ್ಟು ಕುಣಿಯುತ್ತವೆ. ಮಾತು ಸರಿ. ಆದರೆ ನಮ್ಮ ಕಡೆ ಹೆಣ್ಣುಮಕ್ಕಳು ಹೊಸಿಲು ದಾಟುವುದಾದರೆ ತಲೆಗೆ ಎಣ್ಣೆ ಹಚ್ಚಿ, ಬಾಚಿ, ಹೆರಳು ಹಾಕಿಕೊಂಡೇ ದಾಟುತ್ತಾರೆ. ಎಣ್ಣೆ ಕಾಣದ ಬರೀ ತಲೆ ಸೂತಕದ ಮನೆಯವರದು. ನಾನೂ ಇದೇ ಮಣ್ಣಿನವಳು. ರಾಯಾಪುರದ ನಮ್ಮ ಮನೆಯಿಂದ ಬಸ್ಸು ಹಿಡಿಯುವ ಮುಂಚೆ ದಿನಾ ಮುಂಜಾನೆ ನನ್ನ ನೆತ್ತಿಗೂ ಎಣ್ಣೆ ಬೀಳುತ್ತಿತ್ತು. ಮಿರಿಮಿರಿ ಮಿಂಚುವ ತಲೆ ಹೊತ್ತು ಆ ಹಲಗೆಯ ಕೆಳಗೆ ನಿಂತು ನಾನು ಜನರನ್ನು ವಾಪಸ್ ಕಳಿಸುತ್ತಿದ್ದೆ.

ಹಾಗೆ ಕಳಿಸಿದವರಲ್ಲಿ ಒಬ್ಬಳು ಮಲ್ಲವ್ವ. ಹುಬ್ಬಳ್ಳಿಯ ಅಂಚಿನ ಗಬ್ಬೂರಿನವಳು. ದೇಶಪಾಂಡೆ ನಗರದ ಒಂದು ರೊಟ್ಟಿ ಅಂಗಡಿಯಲ್ಲಿ ದಿನಕ್ಕೆ ನೂರಾರು ಜೋಳದ ರೊಟ್ಟಿ ಬಡಿಯುವ ಕೆಲಸ. ಮೂವತ್ತರ ಆಚೀಚಿನ ವಯಸ್ಸು, ಗಂಡ ಮಾರುಕಟ್ಟೆಯಲ್ಲಿ ಮೂಟೆ ಹೊರುವವನು. ಅವಳಿಗೆ ತಿಂಗಳಿಗೆ ಎರಡು ಮೂರು ಸಲ ಮೂರ್ಛೆ. ಹೊರರೋಗಿ ವಿಭಾಗದ ಡಾಕ್ಟರು, ‘ಬುಧವಾರ ನರರೋಗ ವೈದ್ಯರನ್ನು ಕಾಣಲಿ’ ಎಂದು ಚೀಟಿ ಬರೆದಿದ್ದರು. ಚೀಟಿ ಹಿಡಿದು ಬಂದಳು. ನನ್ನ ಹಲಗೆ ಅಡ್ಡ ಬಂತು.

ಮೊದಲ ಸಲ ತಲೆತುಂಬ ಎಣ್ಣೆ.

‘ಬೋರ್ಡ್ ಓದಿಲ್ಲೇನವ್ವಾ?’ ಎಂದೆ.

‘ನಾ ಸಾಲಿ ಕಲ್ತಿಲ್ರಿ ಅಕ್ಕಾರ.’

‘ಕಲ್ತವರ ಕಡೆ ಓದಿಸ್ಕೋಬೇಕಿಲ್ಲೋ. ತಲಿ ತೊಳಕೊಂಡು ಮುಂದಿನ ಬುಧವಾರ ಬಾ.’

ಎರಡನೆಯ ಸಲ ತಲೆ ತೊಳೆದಿದ್ದಳು, ನಿದ್ದೆಗೆಟ್ಟಿದ್ದಳು. ಬಸ್ಸಿನಲ್ಲಿ ಕೂತರೆ ಎಲ್ಲಿ ಕಣ್ಣು ಹತ್ತುತ್ತದೋ ಎಂದು ಗಬ್ಬೂರಿನಿಂದ ನಡೆದೇ ಬಂದಿದ್ದಳು. ಆ ದಿನ ಮಿಷನ್ ಕೈಕೊಟ್ಟಿತು. ಹಳೆಯ ಮಿಷನ್ ಅದು. ಸಾಲಾಗಿ ಸಣ್ಣ ಪೆನ್ನುಗಳು, ಅಡಿಯಲ್ಲಿ ಓಡುವ ಕಾಗದ. ತಿಂಗಳಿಂದ ತೀರುತ್ತ ಬಂದಿದ್ದ ಪೆನ್ನುಗಳ ಶಾಯಿ ಅಂದು ಪೂರಾ ಒಣಗಿತ್ತು. ಹೊಸ ಶಾಯಿಗೆ ಬರೆದ ಅರ್ಜಿಗೆ ‘ಹೊಸ ಕಂಪ್ಯೂಟರ್ ಮಿಷನ್ ಬಂದಿರುವುದರಿಂದ ಶಾಯಿಯ ಅವಶ್ಯಕತೆ ಇಲ್ಲ’ ಎಂಬ ಉತ್ತರ ಬಂದಿತ್ತು. ಹೊಸ ಮಿಷನ್ ಬಂದದ್ದು ನಿಜ. ಅದು ಸಾಹೇಬರ ಕೋಣೆಯಲ್ಲಿ, ಬಂದ ರಟ್ಟಿನ ಪೆಟ್ಟಿಗೆಯೊಳಗೇ, ನಮ್ಮ ಮಾತಿನಲ್ಲಿ ಖೊಕ್ಕದೊಳಗೆ, ಉದ್ಘಾಟನೆಗೆ ಅತಿಥಿಯ ತಾರೀಖು ಕಾಯುತ್ತ ಕುಳಿತಿತ್ತು. ಸಾಹೇಬರು ಆ ಖೊಕ್ಕದ ಮೇಲೆ ಚಹಾದ ಕಪ್ಪು ಇಡುತ್ತಿದ್ದರು. ಒಮ್ಮೆ ನಾನು ಧೈರ್ಯ ಮಾಡಿ ಕೇಳಿದೆ.

‘ಸರ, ಖೊಕ್ಕ ಬಿಚ್ಚಿ ಕೆಲಸಾ ಸುರು ಮಾಡೋಣಲ್ರಿ, ಉದ್ಘಾಟನೆ ಆಮ್ಯಾಲೆ ಆಗ್ಲಿ.’

ಸಾಹೇಬರು ನನ್ನನ್ನು ಅಡ್ಡಗಣ್ಣಿನಿಂದ ನೋಡಿ, ‘ಮದುವಿಗಿಂತ ಮೊದಲ ಸೊಸಿನ್ನ ಮನಿ ತುಂಬಿಸ್ಕೋತಾರೇನ್ರಿ?’ ಎಂದರು.

ಖೊಕ್ಕ ಅಲ್ಲೇ ಉಳಿಯಿತು. ಮಲ್ಲವ್ವನಿಗೆ ಅಂದು ‘ಮುಂದಿನ ಬುಧವಾರ’ ಎಂದೆ. ಶಾಯಿಯನ್ನು ನಾನೇ ಹೊರಗಿಂದ ತರಿಸಿಕೊಂಡೆ.

ಮೂರನೆಯ ಸಲ ಮತ್ತೆ ಎಣ್ಣೆ. ನೆತ್ತಿಯ ಮೇಲೆ ಹಸಿಹಸಿ, ಹಣೆಗೆ ಇಳಿಯುತ್ತಿತ್ತು. ಜತೆಗೆ ಅತ್ತೆ ಬಂದಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು.

‘ಎಷ್ಟ ಸಲ ಹೇಳಬೇಕವ್ವಾ ನಿನಗ? ತಲ್ಯಾಗ ಏನರ ಐತೋ ಇಲ್ಲೋ?’

ಮಲ್ಲವ್ವ ಹಣೆಗಿಳಿದ ಎಣ್ಣೆಯನ್ನು ಸೆರಗಿನಿಂದ ಒರೆಸಿಕೊಂಡಳು. ಅತ್ತೆ ಹೇಳಿದಳು: ‘ನಾನ ಹಚ್ಚೇನ್ರಿ ಅಕ್ಕಾರ, ಈಗ ಗೇಟಿನ್ಯಾಗ. ಗಂಡ ಇರೂ ಹೆಣ್ಮಗಳು ಸೂತಕದವರಂಗ ಬರೀ ತಲೀಲೆ ದವಾಖಾನಿ ಒಳಗ ಹೋದ್ರ ಅಪಶಕುನ ಅಲ್ಲೇನ್ರಿ? ಒಳಗ ಹೋದಾಕಿ ಹೊರಗ ಬರಬೇಕಲ್ರಿ.’

ಮುದುಕಿಗೆ ಸೊಸೆ ಬದುಕಿ ಹೊರಗೆ ಬರಬೇಕಿತ್ತು. ಅದಕ್ಕೇ ಹಚ್ಚಿದ್ದಳು. ಈಗ ಅನಿಸುತ್ತದೆ, ಆ ದವಾಖಾನೆಯಲ್ಲಿ ಅಂದು ಮಲ್ಲವ್ವನ ಜೀವಕ್ಕಾಗಿ ಏನಾದರೂ ಮಾಡಿದವಳು ಆ ಮುದುಕಿ ಒಬ್ಬಳೇ. ನಾನು ಮಾಡಿದ್ದು ಹಲಗೆಯ ಕಡೆ ಬೆರಳು ತೋರಿಸಿದ್ದು. ಹತ್ತು ಹೆಜ್ಜೆ ಆಚೆ ಡಾಕ್ಟರು ಕುಳಿತಿದ್ದರು, ಬಾಗಿಲು ತೆರೆದಿತ್ತು. ಗದ್ದಲ ಕಡಿಮೆಯಾಗಿದ್ದರಿಂದ ಅವರು ಅಂದು ಪೇಪರು ಓದುತ್ತಿದ್ದರು. ಮಲ್ಲವ್ವ ವಾಪಸ್ ಹೋದಳು.

ನಾಲ್ಕನೆಯ ಬುಧವಾರ ಅವಳು ಬರಲಿಲ್ಲ. ಸೋಮವಾರವೇ ಬಂದಿದ್ದಳು, ಸುಟ್ಟಗಾಯದ ವಾರ್ಡಿಗೆ.

ರೊಟ್ಟಿ ಬೇಯಿಸುತ್ತಿದ್ದಾಗ ಮೂರ್ಛೆ ಬಂದಿತ್ತು. ಬಲಗೈ ಕಾದ ಹಂಚಿನ ಮೇಲೆ ಬಿದ್ದಿತ್ತು. ಪಕ್ಕದಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದರು, ಗಟ್ಟಿಮುಟ್ಟಾದವರು, ಒಳ್ಳೆಯವರು. ಇಬ್ಬರೂ ಕೂಡಲೇ ಎದ್ದು ಓಡಿದ್ದಾರೆ. ಬಾಗಿಲ ಕಡೆಗೆ, ಚಪ್ಪಲಿ ತರಲು. ರಬ್ಬರಿನದು ನಡೆಯುವುದಿಲ್ಲವೆಂದು ಚರ್ಮದ್ದು ಹುಡುಕಿದ್ದಾರೆ. ಚಪ್ಪಲಿ ತಂದು ಮೂಗಿಗೆ ಹಿಡಿದಾಗಲೂ ಕೈ ಹಂಚಿನ ಮೇಲೆಯೇ ಇತ್ತು.

ಆ ದಿನದಿಂದ ಸಾಹೇಬರ ಚಪ್ಪಲಿಯ ಕತೆಯನ್ನು ನಾನು ಕ್ಯಾಂಟೀನಿನಲ್ಲಿ ಹೇಳಲಿಲ್ಲ.

ಅದೇ ವಾರ ಹಳೆಯ ಡಾಕ್ಟರ ಜಾಗಕ್ಕೆ ಒಬ್ಬ ಹೊಸ ಡಾಕ್ಟರ್ ಮೇಡಂ ಬಂದರು. ಸಣ್ಣ ವಯಸ್ಸು, ಧಾರವಾಡದವರು, ದನಿ ಎತ್ತರಿಸದೆ ಬೈಯುವ ಕಲೆ ಗೊತ್ತಿದ್ದವರು. ವಾರ್ಡಿನಲ್ಲಿ ಮಲ್ಲವ್ವನನ್ನು ನೋಡಿ ನೆಟ್ಟಗೆ ನನ್ನ ಕೋಣೆಗೆ ಬಂದರು.

‘ಈಕಿ ಮೂರ ಸಲ ಬಂದಾಳ. ಒಂದ ಮಾತ್ರಿನೂ ಸುರು ಆಗಿಲ್ಲ. ಯಾಕ?’

‘ಇಇಜಿ ಆಗಿರಲಿಲ್ರಿ ಮೇಡಂ.’

‘ಆಗದಿದ್ರ? ಆಕಿ ಹೆಂಗ ಬೀಳ್ತಾಳ, ಎಷ್ಟ ಹೊತ್ತ ಸೆಟೀತಾಳ, ಅತ್ತಿನ್ನ ಕೇಳಿದ್ರ ಐದ ಮಿನಿಟಿನ್ಯಾಗ ಗೊತ್ತಾಗತದ. ಮಾತ್ರಿ ಮೊದಲನೇ ದಿನಾನ ಕೊಡಬಹುದಿತ್ತು. ಇಇಜಿ ಆಮ್ಯಾಲೆ ಎಂದರ ಮಾಡ್ರಿ. ಅದು ಸಹಾಯಕ್ಕ ಇರೂದು, ಅಡ್ಡಗಾಲಿಗೆ ಅಲ್ಲ.’ ಅವರ ಕಣ್ಣು ಹಲಗೆಯ ಮೇಲೆ ಬಿತ್ತು. ಮೂರೂ ಸಾಲು ನಿಧಾನ ಓದಿದರು. ‘ಇದನ್ನ ಯಾರ ಬರದದ್ದು?’

ನಾನು ಹೇಳಿದೆ: ‘ಮೊದಲಿಂದ ಇತ್ತರಿ ಮೇಡಂ.’

ಮೇಡಂ ನನ್ನ ಮೇಜಿನ ಮೇಲೆ ತೆರೆದಿದ್ದ ರಿಜಿಸ್ಟರು ನೋಡಿದರು. ಅದೇ ನೀಲಿ, ಅದೇ ದುಂಡನೆಯ ಅಕ್ಷರ. ಹಲಗೆಯನ್ನು ಮೊಳೆಯಿಂದ ಬಿಡಿಸಿ, ಗೋಡೆಗೆ ಮುಖ ಮಾಡಿ ಕೆಳಗಿಟ್ಟು ಹೋದರು. ನನಗೆ ಅಂದಾದ ನಾಚಿಕೆಯನ್ನು ಬರೆಯಲು ನನ್ನ ದುಂಡಕ್ಷರ ಸಾಲದು. ಭೂಮಿ ಬಾಯಿ ಬಿಡಬಾರದೇ ಅನಿಸಿತು. ಬಿಡಲಿಲ್ಲ. ಸಂಜೆ ಮನೆಗೆ ಹೋಗಿ ಉಂಡು ಮಲಗಿದೆ.

ಅಂದೇ ಮಾತ್ರೆ ಸುರುವಾಯಿತು. ಸಾದಾ ಮಾತ್ರೆ, ಯಾವ ಊರಿನ ದವಾಖಾನೆಯಲ್ಲೂ ಇರಬೇಕಾದದ್ದು. ಮಲ್ಲವ್ವನ ಮೂರ್ಛೆ ಮೊದಲು ಕಡಿಮೆಯಾಯಿತು, ಆಮೇಲೆ ನಿಂತೇಬಿಟ್ಟಿತು. ಕೈ ಮಾತ್ರ ಮೊದಲಿನ ಹಾಗಾಗಲಿಲ್ಲ. ಬಲಗೈಯ ಕಿರುಬೆರಳು, ಉಂಗುರಬೆರಳು ಅಂಗೈಗೆ ಅಂಟಿಕೊಂಡು ಮಡಚಿದವು ಮಡಚಿಯೇ ಉಳಿದವು. ಅವಳ ಗಾಯ ಮಾಯ್ದ ಮೇಲೆ ನಾನು ಇಇಜಿಯನ್ನೂ ಮಾಡಿದೆ. ತಲೆ ತೊಳೆದು, ನಿದ್ದೆಗೆಟ್ಟು, ಎಲ್ಲ ಕ್ರಮಬದ್ಧ. ರಿಪೋರ್ಟು ಬಂತು: ಏನೂ ದೋಷವಿಲ್ಲ. ರೋಗವಿದ್ದವರಿಗೂ ಹಾಗೆ ಬರುವುದುಂಟು ಎಂದು ಮೇಡಂ ಹೇಳಿದರು. ಅಂದರೆ ಆ ಮೂರು ಬುಧವಾರ ಯಾವ ಕಾಗದಕ್ಕಾಗಿ ನಾನು ಅವಳನ್ನು ಅಟ್ಟಿದೆನೋ, ಆ ಕಾಗದದ ಪ್ರಕಾರ ಮಲ್ಲವ್ವನಿಗೆ ರೋಗವೇ ಇರಲಿಲ್ಲ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ನನಗೆ ಆಮೇಲೆ ಬುದ್ಧಿ ಬಂತು. ಕೋಣೆಯ ಹೊರಗೆ ಒಂದು ನಳ ಹಾಕಿಸಿದೆ, ಒಂದು ಡ್ರಮ್ಮು, ಒಂದು ತಂಬಿಗೆ, ಶ್ಯಾಂಪೂ ಚೀಟಿಗಳ ಒಂದು ಸರ. ಎಣ್ಣೆ ಹಚ್ಚಿ ಬಂದವರ ತಲೆಯನ್ನು ಅಲ್ಲೇ ತೊಳೆಸಿ, ಟವೆಲ್ಲಿನಿಂದ ಒರೆಸಿ ಒಳಗೆ ಕರೆದುಕೊಳ್ಳುವುದು. ಪರೀಕ್ಷೆ ಮುಗಿದ ಮೇಲೆ, ಹಿರಿಯರ ಸಮಾಧಾನಕ್ಕೆ, ನೆತ್ತಿಗೆ ನಾಲ್ಕು ಹನಿ ಎಣ್ಣೆ ಹಚ್ಚಿ ಕಳಿಸುವುದು. ಎಣ್ಣೆ ಬಾಟಲಿ ನನ್ನದೇ. ನನ್ನ ವೃತ್ತಿಜೀವನದ ಏಕೈಕ ಸಂಶೋಧನೆ ಇದು. ವಾರದೊಳಗೆ ಸಾಹೇಬರಿಂದ ನೋಟೀಸು ಬಂತು: ಕಾರಿಡಾರಿನಲ್ಲಿ ಅನಧಿಕೃತವಾಗಿ ಸ್ನಾನಗೃಹ ನಡೆಸುತ್ತಿರುವ ಬಗ್ಗೆ ವಿವರಣೆ ನೀಡತಕ್ಕದ್ದು. ಆ ‘ತಕ್ಕದ್ದು’ ಓದಿದಾಗ ಮೈ ಉರಿಯಿತು. ಆಗ ತಿಳಿಯಿತು, ಅದನ್ನು ಓದುವವರಿಗೆ ಹೇಗಾಗುತ್ತದೆ ಎಂದು.

‘ಸ್ನಾನ ಅಲ್ರಿ ಸರ, ಬರೇ ತಲಿ’ ಎಂದು ನಾನು ಹೋಗಿ ಹೇಳಿದೆ.

‘ಇಂದ ತಲಿ ತೊಳಸ್ತೀರಿ, ನಾಳೆ ದಾಡಿ ಮಾಡಸ್ತೀರಿ. ಇದು ದವಾಖಾನಿ ಐತೋ ಧರ್ಮಶಾಲಿ ಐತೋ?’ ಎಂದರು. ಡಾಕ್ಟರ್ ಮೇಡಂ ನಡುವೆ ಬಂದು ಅದನ್ನು ‘ಪರೀಕ್ಷಾ ಪೂರ್ವ ಸಿದ್ಧತಾ ಘಟಕ’ ಎಂದು ಕರೆದು ಒಂದು ಪತ್ರ ಬರೆದರು. ಹೆಸರು ಉದ್ದವಾದ ಕೂಡಲೇ ಸಾಹೇಬರಿಗೆ ಅದು ಸರಿ ಕಂಡಿತು. ಉದ್ಘಾಟನೆಗೆ ಯಾರನ್ನು ಕರೆಯೋಣ ಎಂದು ಕೇಳಿದರು.

ಉದ್ಘಾಟನೆ ಎಂದಾಗ ನೆನಪಾಯಿತು. ಹೊಸ ಮಿಷನ್ನಿನದೂ ಕೊನೆಗೊಮ್ಮೆ ಆಯಿತು. ಮಿಷನ್ನಿಗೆ ಚೆಂಡುಹೂವಿನ ಹಾರ, ಕುಂಕುಮ, ಸುತ್ತ ಎಂಟು ಕ್ಯಾಮೆರಾ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಅತಿಥಿಗಳು ಗುಂಡಿ ಒತ್ತಿದರು, ಅದೇ ಹೊತ್ತಿಗೆ ಕರೆಂಟು ಹೋಯಿತು. ಕಪ್ಪಾದ ಪರದೆ ನೋಡುತ್ತ ಅವರು, ‘ಇದರಾಗ ಏನ್ ಕಾಣಸ್ತದ?’ ಎಂದು ಕೇಳಿದರು. ‘ಇಡೀ ಮಿದುಳು ಕಾಣಸ್ತದರಿ ಸರ’ ಎಂದರು ಸಾಹೇಬರು. ಎಲ್ಲರೂ ಕಪ್ಪು ಪರದೆಗೆ ಚಪ್ಪಾಳೆ ಹೊಡೆದರು.

ಆಮೇಲೆ ಕಾಲ ಬದಲಾಯಿತು. ಶಾಯಿ ಹೋಯಿತು, ಕಾಗದ ಹೋಯಿತು. ಮೇಡಂಗೆ ವರ್ಗವಾದ ಮೇಲೆ ನರರೋಗದ ಡಾಕ್ಟರು ಪರದೆಯೊಳಗೆ ಬರತೊಡಗಿದರು. ದೂರದ ದೊಡ್ಡ ಊರಿನಲ್ಲಿ ಕುಳಿತು ಇಲ್ಲಿಯವರನ್ನು ನೋಡುವ ಏರ್ಪಾಡು. ಏರ್ಪಾಡು ಒಳ್ಳೆಯದೇ, ಇಲ್ಲ ಎನ್ನಲಾರೆ. ಕಲಘಟಗಿಯ ಮುದುಕನಿಗೆ ನರರೋಗದ ಡಾಕ್ಟರ ಮುಖ ನೋಡಲು ಸಿಕ್ಕಿದ್ದೇ ಹಾಗೆ. ಆದರೆ ಮೊದಲ ಮೂರು ತಿಂಗಳು ನಮ್ಮ ಕ್ಯಾಮೆರಾ ಮೇಲ್ಮುಖವಾಗಿ ಬಿಗಿದಿತ್ತು. ಆ ಡಾಕ್ಟರು ಮೂರು ತಿಂಗಳು ನಮ್ಮ ಫ್ಯಾನನ್ನು ನೋಡಿ ಮಾತ್ರೆ ಬರೆದರು. ಬರೆದ ಮಾತ್ರೆ ನಮ್ಮ ಔಷಧಿ ಕಿಟಕಿಯಲ್ಲಿ ಎಷ್ಟೋ ಸಲ ಇರುತ್ತಿರಲಿಲ್ಲ. ಮೂರ್ಛೆಯ ಮಾತ್ರೆ ನಾಲ್ಕು ದಿನ ತಪ್ಪಿದರೆ ಏನಾಗುತ್ತದೆ ಎಂಬುದು ಕಿಟಕಿಯೊಳಗಿನವರಿಗೆ ಗೊತ್ತಿರಲಿಲ್ಲ. ‘ಬರೂ ವಾರ ಬರ್ರಿ’ ಎನ್ನುತ್ತಿದ್ದರು. ಹಲಗೆ ಇಳಿಸಿದರೂ ಆ ಮಾತು ಗೋಡೆಯಿಂದ ಗೋಡೆಗೆ ಹೇಗೋ ಹೋಗಿಬಿಡುತ್ತದೆ.

ಈ ಎಲ್ಲ ವರ್ಷಗಳಲ್ಲಿ ಮಲ್ಲವ್ವ ತಿಂಗಳಿಗೊಮ್ಮೆ ಮಾತ್ರೆಗೆ ಬರುತ್ತಿದ್ದಳು. ಬಂದವಳು ಸುಮ್ಮನೆ ಹೋಗುತ್ತಿರಲಿಲ್ಲ. ನನ್ನ ಕೋಣೆಯ ಮುಂದಿನ ಸಾಲಿನಲ್ಲಿ ಕುಳಿತ ಹೆಣ್ಣುಮಕ್ಕಳ ಎದುರು ನಿಂತು, ಸೆರಗಿನಿಂದ ಬಲಗೈ ಹೊರಗೆ ತೆಗೆದು ತೋರಿಸುತ್ತಿದ್ದಳು.

‘ನೋಡ್ರವ್ವಾ, ತಲಿಗೆ ಎಣ್ಣಿ ಹಚ್ಚಿದ್ದಕ್ಕ ನನ್ನ ಕೈ ಹಿಂಗಾತು. ಅಕ್ಕಾರು ಬ್ಯಾಡ ಅಂದಿದ್ರು, ನಾ ಕೇಳಲಿಲ್ಲ. ನೀವರ ಕೇಳ್ರಿ.’

ನಾನು ಒಳಗೆ ತಂತಿ ಹಚ್ಚುತ್ತ ಕೇಳಿಸಿಕೊಳ್ಳುತ್ತಿದ್ದೆ. ಒಂದು ಸಲವೂ ಹೊರಗೆ ಬಂದು ‘ಹಂಗಲ್ಲ’ ಎನ್ನಲಿಲ್ಲ. ಮುಂದಿನ ತಿಂಗಳು ಹೇಳೋಣ ಎಂದುಕೊಳ್ಳುತ್ತಿದ್ದೆ. ಎಷ್ಟು ಮುಂದಿನ ತಿಂಗಳುಗಳು! ಅವಳ ಭಾಷಣದಿಂದ ನನಗೆ ಅನುಕೂಲವೂ ಆಗುತ್ತಿತ್ತು, ಜನ ತಲೆ ತೊಳೆದು ಬರುತ್ತಿದ್ದರು. ಸಾಹೇಬರನ್ನು ಆಡಿಕೊಂಡು ಇಷ್ಟು ಪುಟ ತುಂಬಿಸಿದೆನಲ್ಲ, ಅವರು ಖೊಕ್ಕದ ಮೇಲೆ ಚಹಾ ಇಟ್ಟರು. ನಾನು ಒಬ್ಬಳ ಸುಟ್ಟ ಕೈಯನ್ನು ನನ್ನ ಹಲಗೆಯ ಬದಲಿಗೆ ತೂಗುಹಾಕಿಕೊಂಡೆ.

ನಿವೃತ್ತಿಯ ದಿನದ ಬಗ್ಗೆ ಹೇಳುವಂಥದ್ದೇನಿಲ್ಲ. ಶಾಲು, ಹಣ್ಣಿನ ಬುಟ್ಟಿ. ಭಾಷಣದಲ್ಲಿ ನನ್ನನ್ನು ಎಕ್ಸ್‌ರೇ ವಿಭಾಗದ ಕಣ್ಮಣಿ ಎಂದರು. ನನ್ನ ಜಾಗಕ್ಕೆ ಬಂದ ಹುಡುಗಿ ಶಾಣ್ಯಾಕಿ, ಗುತ್ತಿಗೆಯ ಮೇಲೆ ಬಂದಿದ್ದಾಳೆ. ಎರಡು ತಿಂಗಳ ಹಿಂದೆ ಫೋನು ಮಾಡಿದ್ದಳು.

‘ಮೇಡಂ, ಭಾಳ ಗದ್ದಲಾಗಾಕತ್ತೈತ್ರಿ. ಒಂದ ಬೋರ್ಡ್ ಬರಸ್ಬೇಕಂತ ಮಾಡೇನಿ. ನಿಮ್ಮ ಅಕ್ಷರ ಛಲೋ ಅದಾವಂತ, ಬರದ ಕೊಡ್ತೀರೇನ್ರಿ?’

‘ಬ್ಯಾಡವಾ’ ಎಂದೆ. ಯಾಕೆಂದು ಕೇಳಿದಳು. ‘ಆಮ್ಯಾಲೆ ಹೇಳ್ತೇನಿ’ ಎಂದು ಫೋನಿಟ್ಟೆ. ಅವಳಿಗೆ ಹೇಳುವ ಮೊದಲು ಹೇಳಬೇಕಾದವಳು ಬೇರೆ ಇದ್ದಳು. ಮರುದಿನ ಬೆಳಿಗ್ಗೆ ದೇಶಪಾಂಡೆ ನಗರಕ್ಕೆ ಹೋದೆ.

ರೊಟ್ಟಿ ಅಂಗಡಿ ಈಗ ದೊಡ್ಡದಾಗಿದೆ. ಒಳಗೆ ಆರು ಒಲೆ. ಮಲ್ಲವ್ವನ ಕೂದಲು ನರೆತಿದೆ. ಅವಳು ಎಡಗೈಯಿಂದ ರೊಟ್ಟಿ ಬಡಿಯುತ್ತಾಳೆ, ಬಲಗೈಯ ಮೂರು ಬೆರಳಿನಿಂದ ತಿರುವುತ್ತಾಳೆ. ರೊಟ್ಟಿ ಚಂದ್ರನಷ್ಟೇ ದುಂಡಗೆ. ನನ್ನನ್ನು ನೋಡಿ, ‘ಯವ್ವಾ, ಅಕ್ಕಾರು ಬಂದಾರ!’ ಎಂದು ಮಣೆ ಹಾಕಿದಳು. ನೀರು ಕೊಟ್ಟಳು. ಬಿಸಿ ರೊಟ್ಟಿಗೆ ಬೆಣ್ಣೆ, ಶೇಂಗಾ ಚಟ್ನಿ ಹಚ್ಚತೊಡಗಿದಳು. ನನಗೆ ತಡೆಯಲಾಗಲಿಲ್ಲ.

‘ಮಲ್ಲವ್ವಾ, ಒಂದ ಮಾತ ಹೇಳೂದದ. ನಿನ್ನ ಕೈ ಎಣ್ಣಿಯಿಂದ ಹೋಗಿಲ್ಲ. ಆ ಪರೀಕ್ಷಾ ಇಲ್ಲದನೂ ನಿನಗ ಮೊದಲನೇ ದಿನಾನ ಮಾತ್ರಿ ಸಿಗತಿತ್ತು. ಡಾಕ್ಟರನ್ನ ನೋಡಾಕ ಬಿಡದಂಗ ಆ ಬೋರ್ಡ್ ಬರದಾಕಿ ನಾನು.’

ಮಲ್ಲವ್ವ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು. ಅದರ ಅಂಚನ್ನು ಬಟ್ಟೆಯಿಂದ ಒತ್ತಿದಳು.

‘ಗೊತ್ತೈತ್ರಿ ಅಕ್ಕಾರ’ ಎಂದಳು.

‘ಗೊತ್ತೈತಿ?’

‘ಆ ಡಾಕ್ಟರ್ ಮೇಡಂ ಅವತ್ತ ಹೇಳಿದ್ರು, ಮೊದಲನೇ ಮಾತ್ರಿ ಬಾಯಾಗ ಹಾಕೂ ಮುಂದ. ಬೋರ್ಡ್ ಯಾರ ಬರದದ್ದಂತ ಅವರು ಹೇಳಲಿಲ್ಲ. ಅದು ನನಗ ಮೊದಲ ಗೊತ್ತಿತ್ತು. ಎರಡನೇ ಸಲ ಬಂದಾಗ ನೀವ ಹೇಳಿದ್ರಿ, ನಾನ ಬರದೇನಿ, ಹೆಂಗ ಐತಿ ಅಂತ.’

ನನಗೆ ನೆನಪೇ ಇರಲಿಲ್ಲ. ಓದಲು ಬಾರದವಳನ್ನು ನನ್ನ ಅಕ್ಷರ ಹೇಗಿದೆ ಎಂದು ಕೇಳಿದ್ದೆ!

‘ಮತ್ತ ಇಷ್ಟ ವರ್ಷ ಎಲ್ಲಾರ ಮುಂದ ಎಣ್ಣಿ ಹಚ್ಚಿದ್ದಕ್ಕ ಕೈ ಹೋತು ಅಂತ ಯಾಕ ಹೇಳಕೋತ ಬಂದಿ, ಮಲ್ಲವ್ವಾ?’

‘ಖರೇ ಹೇಳಿದ್ರ ಅವರು ಎಣ್ಣಿ ಹಚ್ಕೊಂಡ ಬರತಿದ್ರು. ನೀವು ತಿರುಗಿ ಕಳಸತಿದ್ರಿ.’

‘ನಾ ನಳ ಹಾಕಿಸಿದ್ನೆಲ್ಲಾ!’ ಎಂದೆ.

ಮಲ್ಲವ್ವ ನಕ್ಕಳು. ‘ಹುಬ್ಬಳ್ಳ್ಯಾಗ ನಳಕ್ಕ ನೀರು ಎಂಟ ದಿನಕ್ಕೊಮ್ಮೆ ಬರ್ತಾವ್ರಿ ಅಕ್ಕಾರ. ನಿಮ್ಮ ಡ್ರಮ್ ಖಾಲಿ ಇದ್ದ ದಿನಾ ಏನ ಮಾಡ್ತಿದ್ರಿ?’

ಖಾಲಿ ಇದ್ದ ದಿನ ನಾನು ವಾಪಸ್ ಕಳಿಸುತ್ತಿದ್ದೆ. ಅವಳಿಗೆ ಅದೂ ಗೊತ್ತಿತ್ತು.

ತಾಟನ್ನು ನನ್ನ ಕಡೆ ಸರಿಸಿದಳು, ಆ ಬಲಗೈಯಿಂದಲೇ, ಮಡಚಿದ ಎರಡು ಬೆರಳು ತಾಟಿನ ಅಂಚಿಗೆ ತಾಗುತ್ತಿದ್ದವು. ‘ತಿನ್ರಿ, ಆರತೈತಿ’ ಎಂದು ಇನ್ನೊಂದು ರೊಟ್ಟಿ ಬಡಿಯಲು ಕುಳಿತಳು.